ಸಬ್‌ಟೈಟಲ್ ಓದಲು ಬಾರದ ಅಮ್ಮನ ಜೊತೆ ಯಾವ ಸಿನಿಮಾ ನೋಡಲಿ?

ಪ್ರಶ್ನೆ: ನಾನು ಹಾಸನದಲ್ಲಿ ಶಾಲಾ ಶಿಕ್ಷಕಿ. ಅಮ್ಮನಿಗೆ 68 ವರ್ಷ. ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ದಿನಾ ಸಂಜೆ ಸೀರಿಯಲ್ ನೋಡಿ ನೋಡಿ ಅವರಿಗೇ ಬೇಜಾರು ಬಂದಿದೆ. ಬೇರೆ ದೇಶದ ಒಳ್ಳೆಯ ಸಿನಿಮಾ ತೋರಿಸೋಣ ಅಂದರೆ ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡವನ್ನೂ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾತೇ ಬೇಕಿಲ್ಲದ ಸಿನಿಮಾದಿಂದ ಶುರು ಮಾಡಿ. ಫ್ರಾನ್ಸಿನ 'ದಿ ರೆಡ್ ಬಲೂನ್' ಅಂತ ಒಂದಿದೆ, 1956ರಲ್ಲಿ ಆಲ್ಬೇರ್ ಲಮೊರಿಸ್ ಮಾಡಿದ್ದು. ಬರೀ 34 ನಿಮಿಷ. ಪ್ಯಾರಿಸ್ಸಿನ ಒಬ್ಬ ಪುಟ್ಟ ಹುಡುಗನಿಗೆ ಶಾಲೆಗೆ ಹೋಗುವಾಗ ಒಂದು ಕೆಂಪು ಬಲೂನು ಸಿಗುತ್ತದೆ. ಅದು ನಾಯಿಮರಿಯ ಹಾಗೆ ಅವನ ಹಿಂದೆಯೇ ಬರುತ್ತದೆ. ಬಲೂನು ಹಿಡಿದುಕೊಂಡರೆ ಬಸ್ಸು ಹತ್ತಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಅದನ್ನು ಕಿಟಕಿಯಿಂದ ಆಚೆ ತಳ್ಳುತ್ತಾರೆ, ಅದು ಅಲ್ಲೇ ಕಿಟಕಿ ಪಕ್ಕದಲ್ಲಿ ಕಾದಿರುತ್ತದೆ. ಅಲ್ಲೊಂದು ಇಲ್ಲೊಂದು ಮಾತು ಬಿಟ್ಟರೆ ಉಳಿದಿದ್ದೆಲ್ಲ ನೋಡಿದರೆ ಸಾಕು. ಇಷ್ಟು ಕಡಿಮೆ ಮಾತಿನ ಸಿನಿಮಾಕ್ಕೆ ಚಿತ್ರಕಥೆಯ ಆಸ್ಕರ್ ಬಂತು. ಅಮ್ಮನಿಗೆ ಇದನ್ನು ವಿವರಿಸಲು ಹೋಗಬೇಡಿ. ಸುಮ್ನೆ ಪಕ್ಕದಲ್ಲಿ ಕೂತಿರಿ.

ಮುಂದಿನ ವಾರಕ್ಕೆ ಇರಾನಿನ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್?' ಹಾಕಿ. ಅಬ್ಬಾಸ್ ಕಿಯರೋಸ್ತಮಿ 1987ರಲ್ಲಿ ಮಾಡಿದ ಸಿನಿಮಾ. ಕೋಕೆರ್ ಅನ್ನುವ ಹಳ್ಳಿಯ ಅಹ್ಮದ್ ಅನ್ನುವ ಹುಡುಗ ಗೊತ್ತಿಲ್ಲದೆ ಗೆಳೆಯನ ನೋಟ್‌ಬುಕ್ಕನ್ನೂ ಮನೆಗೆ ತಂದುಬಿಟ್ಟಿರುತ್ತಾನೆ. ಇನ್ನೊಂದು ಸಲ ನೋಟ್‌ಬುಕ್ಕಿನಲ್ಲಿ ಹೋಮ್‌ವರ್ಕ್ ಬರೆದುಕೊಂಡು ಬರದಿದ್ದರೆ ಶಾಲೆಯಿಂದ ಹೊರಗೆ ಹಾಕುತ್ತೇನೆ ಅಂತ ಮೇಷ್ಟ್ರು ಆ ಗೆಳೆಯನಿಗೆ ಹೇಳಿದ್ದಾರೆ. ಗೆಳೆಯನ ಮನೆ ಇರುವುದು ಗುಡ್ಡದಾಚೆಯ ಇನ್ನೊಂದು ಊರಲ್ಲಿ, ಯಾವ ಮನೆ ಅಂತ ಇವನಿಗೆ ಗೊತ್ತಿಲ್ಲ. ಕತೆ ಇಷ್ಟೇ. ಒಂದು ನೋಟ್‌ಬುಕ್ ವಾಪಸ್ ಕೊಡಬೇಕು. ಆದರೆ ದೊಡ್ಡವರು ಯಾರೂ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಮ್ಮ ಬಟ್ಟೆ ಒಗೆಯುತ್ತಾ 'ಮೊದಲು ಹೋಮ್‌ವರ್ಕ್ ಮಾಡು' ಅನ್ನುತ್ತಾಳೆ, ಮರುಗಳಿಗೆ ಮಗು ನೋಡಿಕೋ ಅನ್ನುತ್ತಾಳೆ. ತಾತ ಸಿಗರೇಟು ತಾ ಅಂತ ಅಟ್ಟುತ್ತಾನೆ, ಅವನ ಜೇಬಿನಲ್ಲೇ ಸಿಗರೇಟು ಇರುತ್ತದೆ.

ಇದನ್ನು ನನ್ನ ಅಮ್ಮನ ಜೊತೆ ನೋಡಿದ ರೀತಿ ಹೇಳುತ್ತೇನೆ, ನಿಮಗೆ ಉಪಯೋಗವಾಗಬಹುದು. ನಾನು ಹಿಂದಿನ ದಿನವೇ ಒಂದು ಸಲ ಪೂರ್ತಿ ನೋಡಿಕೊಂಡೆ. ಯಾವ ಮಾತು ಮುಖ್ಯ, ಯಾವುದನ್ನು ಬಿಟ್ಟರೆ ನಷ್ಟವಿಲ್ಲ ಅಂತ ಗೊತ್ತಾಯಿತು. ಮಾರನೆ ದಿನ ಅಮ್ಮನ ಪಕ್ಕ ಕೂತು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಪ್ರತಿ ಸಾಲನ್ನೂ ಹೇಳಲು ಹೋದರೆ ನಿಮಗೂ ಉಸಿರು ಸಾಲುವುದಿಲ್ಲ, ಅವರಿಗೂ ಚಿತ್ರ ನೋಡಲು ಪುರುಸೊತ್ತು ಸಿಗುವುದಿಲ್ಲ. 'ಮೇಷ್ಟ್ರು ಬೈತಿದ್ದಾರೆ, ಇನ್ನೊಂದ್ಸಲ ಮರೆತರೆ ಶಾಲೆಗೆ ಬರಬೇಡ ಅಂತಾರೆ', ಇಷ್ಟು ಸಾಕು. ಮಾತು ಜಾಸ್ತಿ ಇರುವ ಕಡೆ ಸಿನಿಮಾ ನಿಲ್ಲಿಸಿ ಹೇಳಿದೆ. ಸುಮಾರು 20 ನಿಮಿಷ ಆದ ಮೇಲೆ ಅಮ್ಮ ನನ್ನ ಕೈ ತಟ್ಟಿ 'ನೀನು ಹೇಳ್ಬೇಡ, ನಂಗೆ ಗೊತ್ತಾಗ್ತಿದೆ' ಅಂದರು. ಆಮೇಲೆ ಆ ಹುಡುಗ ಗುಡ್ಡದ ಅಂಕುಡೊಂಕು ದಾರಿಯಲ್ಲಿ ಓಡುವಾಗಲೆಲ್ಲ ಅವರೇ 'ಕತ್ತಲಾಗ್ತಿದೆ ಕಣೋ, ಬೇಗ ಹೋಗೋ' ಅಂತ ಟಿವಿಗೆ ಹೇಳುತ್ತಿದ್ದರು.

ಇದೇನೂ ನಾನು ಕಂಡುಹಿಡಿದ ದಾರಿಯಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಅವರ ಗೆಳೆಯರು ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದಲ್ಲಿ ಕೆಲಸ ಮಾಡುವ ಜನಕ್ಕೆ ಜಪಾನಿನ, ಇಟಲಿಯ ಸಿನಿಮಾಗಳನ್ನು ತೋರಿಸಿದ್ದರು. ಇಂಗ್ಲಿಷ್ ಬಾರದವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಅನ್ನುವ ಮಾತನ್ನು ಅವರು ದಶಕಗಳ ಹಿಂದೆಯೇ ಸುಳ್ಳು ಮಾಡಿದ್ದಾರೆ. ಹಾಗಾಗಿ ಅಮ್ಮನಿಗೆ ಹಿಡಿಸುತ್ತೋ ಇಲ್ಲವೋ ಅಂತ ಅನುಮಾನ ಪಡಬೇಡಿ. ಮಕ್ಕಳನ್ನು ಸಾಕಿದವರಿಗೆ, ಮನೆ ನಡೆಸಿದವರಿಗೆ ಈ ಸಿನಿಮಾಗಳಲ್ಲಿ ನಮಗಿಂತ ಜಾಸ್ತಿ ಕಾಣುತ್ತದೆ. ಇದನ್ನು ನಾನು ಪೂರ್ತಿ ನಂಬುತ್ತೇನೆ.

ಮೂರನೆಯದಕ್ಕೆ ರಷ್ಯಾದ 'ಬ್ಯಾಲಡ್ ಆಫ್ ಎ ಸೋಲ್ಜರ್', 1959ರದು. 19 ವರ್ಷದ ಸೈನಿಕ ಎರಡು ಟ್ಯಾಂಕ್ ಹೊಡೆದುರುಳಿಸುತ್ತಾನೆ. ಪದಕ ಕೊಡುತ್ತೇವೆ ಅಂದರೆ, ಪದಕ ಬೇಡ, ಊರಿಗೆ ಹೋಗಿ ಅಮ್ಮನನ್ನು ನೋಡಿ ಮನೆಯ ಚಾವಣಿ ಸರಿ ಮಾಡಿ ಬರುತ್ತೇನೆ ಅನ್ನುತ್ತಾನೆ. ಆರು ದಿನದ ರಜೆ ಸಿಗುತ್ತದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಸಹಾಯ ಮಾಡುತ್ತಾ ದಿನಗಳು ಕಳೆದುಹೋಗುತ್ತವೆ. ಇದನ್ನು ಮಾಡಿದ ಮೋಸ್‌ಫಿಲ್ಮ್ ಸ್ಟುಡಿಯೋ ತನ್ನ ಹಳೆಯ ಸಿನಿಮಾಗಳನ್ನು ತನ್ನದೇ ಯೂಟ್ಯೂಬ್ ಚಾನೆಲ್‌ನಲ್ಲಿ ಹಾಕಿದೆ. ಯೂಟ್ಯೂಬ್‌ನಲ್ಲಿ ಸಬ್‌ಟೈಟಲ್ ಇರುವ ವೀಡಿಯೋಗಳಿಗೆ, ಕಂಪ್ಯೂಟರಿನಲ್ಲಿ ನೋಡುವಾಗ, ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡ ಆರಿಸಿಕೊಳ್ಳಬಹುದು. ಆ ಕನ್ನಡ ಕೆಲವು ಕಡೆ ತೀರಾ ಎಡವಟ್ಟಾಗಿರುತ್ತದೆ. ನೀವು ಪಕ್ಕದಲ್ಲಿದ್ದು ಸರಿ ಮಾಡಿ ಹೇಳಿದರೆ ಮಾತ್ರ ಪ್ರಯೋಜನ.

ಜಪಾನಿನ ನಿರ್ದೇಶಕ ಓಜು ಅವರ 'ಟೋಕಿಯೋ ಸ್ಟೋರಿ' ಬಗ್ಗೆ ಒಂದು ಮಾತು. ವಯಸ್ಸಾದ ಅಪ್ಪ ಅಮ್ಮ ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ, ಮಕ್ಕಳಿಗೆ ಪುರುಸೊತ್ತಿಲ್ಲ, ಗಂಡನನ್ನು ಕಳೆದುಕೊಂಡ ಸೊಸೆಯೊಬ್ಬಳೇ ಕೆಲಸಕ್ಕೆ ರಜೆ ಹಾಕಿ ಅವರನ್ನು ಊರು ಸುತ್ತಿಸುತ್ತಾಳೆ. 1953ರ ಈ ಸಿನಿಮಾಕ್ಕಿಂತ ನಮ್ಮ ಮನೆಗಳಿಗೆ ಹತ್ತಿರವಾದದ್ದು ನನಗೆ ಗೊತ್ತಿಲ್ಲ. ಎಲ್ಲರೂ ಇದನ್ನೇ ಮೊದಲು ತೋರಿಸಿ ಅನ್ನುತ್ತಾರೆ. ಆದರೆ ಇದರ ಕೊನೆಯಲ್ಲಿ ಒಂದು ಸಾವಿದೆ, ಒಬ್ಬರೇ ಉಳಿಯುತ್ತಾರೆ. ಅಪ್ಪ ಹೋಗಿ ಎಷ್ಟು ದಿನವಾಯಿತು ಅಂತ ನೀವು ಬರೆದಿಲ್ಲ. ನೋವು ಇನ್ನೂ ಹಸಿಯಾಗಿದ್ದರೆ ಈಗ ಬೇಡ. ಮುಂದಿನ ವರ್ಷವೂ ಆ ಸಿನಿಮಾ ಅಲ್ಲೇ ಇರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು 29. ಗೆಳೆಯರು ಹೇಳಿದರು ಅಂತ ದೊಡ್ಡ ದೊಡ್ಡ ನಿರ್ದೇಶಕರ ಸಿನಿಮಾ ಹಾಕುತ್ತೇನೆ. ಅರ್ಧ ಗಂಟೆಯಲ್ಲಿ ನಿದ್ದೆ. ನನಗೆ ಇದು ಒಗ್ಗುವುದಿಲ್ಲ ಅನ್ನಿಸುತ್ತದೆ.

ಉತ್ತರ: ಎಷ್ಟು ಗಂಟೆಗೆ ಹಾಕುತ್ತೀರಿ? ರಾತ್ರಿ ಊಟ ಮುಗಿಸಿ ಹನ್ನೊಂದಕ್ಕೆ ಹಾಕಿದರೆ ಯಾರಿಗಾದರೂ ನಿದ್ದೆ ಬರುತ್ತದೆ. ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ನೋಡಿ. ಫೋನು ಬೇರೆ ರೂಮಿನಲ್ಲಿರಲಿ. ಸಬ್‌ಟೈಟಲ್ ಸಿನಿಮಾದಲ್ಲಿ ಒಂದು ಮೆಸೇಜ್ ನೋಡುವಷ್ಟರಲ್ಲಿ ನಾಲ್ಕು ಮಾತು ತಪ್ಪಿರುತ್ತದೆ, ಆಮೇಲೆ ಕತೆಯ ಎಳೆ ಸಿಗುವುದಿಲ್ಲ, ಬೇಜಾರು ಬರುವುದು ಅಲ್ಲಿಂದಲೇ.

ಇನ್ನೊಂದು, ವಿದೇಶಿ ಸಿನಿಮಾ ಅಂದರೆ ನಿಧಾನ ಅಂತ ಯಾರು ಹೇಳಿದ್ದು? ಜರ್ಮನಿಯ 'ರನ್ ಲೋಲಾ ರನ್' ನೋಡಿ, 1998ರದು. ಪ್ರಿಯಕರನನ್ನು ಉಳಿಸಿಕೊಳ್ಳಲು ಲೋಲಾಳಿಗೆ ಇರುವುದು 20 ನಿಮಿಷ, ಹೊಂದಿಸಬೇಕಾದದ್ದು ಒಂದು ಲಕ್ಷ ಮಾರ್ಕ್ (ಆಗಿನ ಜರ್ಮನಿಯ ಹಣ). ಇಡೀ ಸಿನಿಮಾ ಒಂದೂವರೆ ಗಂಟೆಯೂ ಇಲ್ಲ. ಆಮೇಲೆ ಜಪಾನಿನ 'ಒನ್ ಕಟ್ ಆಫ್ ದ ಡೆಡ್'. ಸುಮಾರು 30 ಲಕ್ಷ ಯೆನ್‌ನಲ್ಲಿ, ಹೆಸರಿಲ್ಲದ ಕಲಾವಿದರನ್ನು ಇಟ್ಟುಕೊಂಡು ಮಾಡಿದ ಪುಟ್ಟ ಸಿನಿಮಾ. ಮೊದಲ 37 ನಿಮಿಷ ಎಲ್ಲೂ ಕತ್ತರಿಸದ ಒಂದೇ ಶಾಟ್. ಆ 37 ನಿಮಿಷ ನಿಮಗೆ ಕಳಪೆ ಅನ್ನಿಸುತ್ತದೆ, ಇದೇನು ಹೀಗಿದೆ ಅನ್ನಿಸುತ್ತದೆ. ದಯವಿಟ್ಟು ನಿಲ್ಲಿಸಬೇಡಿ. ಅದರ ಬಗ್ಗೆ ಏನೂ ಓದಲೂಬೇಡಿ. ಕೈಯಲ್ಲಿ ಕಾಸಿಲ್ಲದೆ ಸಿನಿಮಾ ಮಾಡುವವರ ಮೇಲೆ ನನಗಿರುವ ಪ್ರೀತಿ ಇದನ್ನು ನೋಡಿದ ಮೇಲೆ ಇನ್ನೂ ಜಾಸ್ತಿಯಾಯಿತು.

ಇವೆರಡೂ ಹಿಡಿಸಿದರೆ 'ಎ ಸೆಪರೇಶನ್'ಗೆ ಬನ್ನಿ. ಅಸ್ಗರ್ ಫರ್ಹಾದಿಯವರ 2011ರ ಇರಾನಿ ಸಿನಿಮಾ, ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಪ್ರಶಸ್ತಿ ಮತ್ತು ಮುಂದಿನ ವರ್ಷ ಆಸ್ಕರ್ ಎರಡೂ ಪಡೆದದ್ದು. ಹೆಂಡತಿಗೆ ಮಗಳನ್ನು ಕರೆದುಕೊಂಡು ದೇಶ ಬಿಡಬೇಕು, ಗಂಡನಿಗೆ ಮರೆವಿನ ಕಾಯಿಲೆಯ ಅಪ್ಪನನ್ನು ಬಿಡಲಾಗದು. ಅಪ್ಪನನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಕೆಲಸಕ್ಕೆ ಬರುತ್ತಾಳೆ. ಅಲ್ಲಿಂದ ಒಂದು ಗಲಾಟೆ, ಅದು ಕೋರ್ಟಿಗೆ ಹೋಗುತ್ತದೆ. ಒಬ್ಬೊಬ್ಬರೂ ಒಂದೊಂದು ಸಣ್ಣ ಸುಳ್ಳು ಹೇಳುತ್ತಾರೆ, ಯಾರನ್ನೂ ಕೆಟ್ಟವರು ಅನ್ನಲಾಗುವುದಿಲ್ಲ. ಇದರಲ್ಲಿ ನಿಮಗೆ ನಿದ್ದೆ ಬಂದರೆ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ಹೊಸ ದೊಡ್ಡ ಟಿವಿ ತಂದೆವು. ಅದರಲ್ಲಿ ಯಾವ ಸಿನಿಮಾ ಹಾಕಿದರೂ ಸೀರಿಯಲ್ ತರಹ ಕಾಣುತ್ತದೆ. ಟಿವಿ ಹಾಳಾಗಿದೆಯಾ?

ಉತ್ತರ: ಹಾಳಾಗಿಲ್ಲ. ಸಿನಿಮಾವನ್ನು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ತೆಗೆದಿರುತ್ತಾರೆ. ಹೊಸ ಟಿವಿಗಳು ನಡುವೆ ತಾವೇ ಚಿತ್ರ ಸೇರಿಸಿ ಚಲನೆಯನ್ನು ನುಣುಪು ಮಾಡುತ್ತವೆ. ಕ್ರಿಕೆಟ್‌ಗೆ ಸರಿ, ಸಿನಿಮಾಕ್ಕೆ ಬೇಡವೇ ಬೇಡ. ಪಿಕ್ಚರ್ ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಅನ್ನುವ ಪದ ಇರುವ ಆಯ್ಕೆ ಹುಡುಕಿ ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಆರಿಸಿದರೂ ಸಾಕು. ಹಳೆಯ ಸಿನಿಮಾಗಳಲ್ಲಿ ಎರಡೂ ಪಕ್ಕ ಕಪ್ಪು ಪಟ್ಟಿ ಬಂದರೆ ಹಾಗೇ ಬಿಡಿ. ಎಳೆದು ಅಗಲ ಮಾಡಿದರೆ ಎಲ್ಲರ ಮುಖವೂ ಚಪ್ಪಟೆಯಾಗುತ್ತದೆ.

ಪ್ರಶ್ನೆ: ತುಮಕೂರು, ವಯಸ್ಸು 61. ಕಂದಾಯ ಇಲಾಖೆಯಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತನಾದೆ. ಈಗ ಸಮಯ ಬೇಕಾದಷ್ಟಿದೆ. ಒಂದೇ ಒಂದು ಸಿನಿಮಾ ಹೇಳಿ ಅಂದರೆ ಯಾವುದು ಹೇಳುತ್ತೀರಿ?

ಉತ್ತರ: ಸರ್, ನಿಮಗೆ 'ಇಕಿರು'. ಯೋಚನೆಯೇ ಮಾಡದೆ ಹೇಳುತ್ತೇನೆ. ಹೆಸರಿನ ಅರ್ಥ ಬದುಕುವುದು ಅಂತ. ಅಕಿರ ಕುರೋಸಾವಾ 1952ರಲ್ಲಿ ಮಾಡಿದ್ದು. ವತನಾಬೆ ಅನ್ನುವವರು ನಗರಾಡಳಿತದ ಕಚೇರಿಯಲ್ಲಿ ಒಂದು ವಿಭಾಗದ ಮುಖ್ಯಸ್ಥರು. ಸುಮಾರು 30 ವರ್ಷ ಫೈಲಿಗೆ ಮೊಹರು ಒತ್ತಿದ್ದಾರೆ. ಹೊಟ್ಟೆಯ ಕ್ಯಾನ್ಸರ್ ಇದೆ, ಇನ್ನು ಕೆಲವೇ ತಿಂಗಳು ಅಂತ ಗೊತ್ತಾಗುತ್ತದೆ. ಶುರುವಿನಲ್ಲೇ ಒಂದು ದೃಶ್ಯವಿದೆ. ಬಡಾವಣೆಯ ಹೆಂಗಸರು ಕೊಳಚೆ ನೀರು ನಿಂತ ಜಾಗ ಸರಿ ಮಾಡಿಸಿ ಅಂತ ಅರ್ಜಿ ಹಿಡಿದು ಬರುತ್ತಾರೆ. ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ, ಆರೋಗ್ಯ ವಿಭಾಗದಿಂದ ಎಂಜಿನಿಯರಿಂಗ್‌ಗೆ, ಅಲ್ಲಿಂದ ಮತ್ತೊಂದಕ್ಕೆ ಅವರನ್ನು ಸುತ್ತಿಸಿ ಸುತ್ತಿಸಿ ಕೊನೆಗೆ ಹೊರಟ ಟೇಬಲ್ಲಿಗೇ ತಂದು ನಿಲ್ಲಿಸುತ್ತಾರೆ. ತಾಲ್ಲೂಕು ಕಚೇರಿ ಒಳಗಿನಿಂದ ನೋಡಿದವರು ನೀವು. ಆ ದೃಶ್ಯ ನಿಮಗೆ ಮುಟ್ಟುವ ಹಾಗೆ ನನಗೆ ಮುಟ್ಟಲು ಸಾಧ್ಯವಿಲ್ಲ.

ಮುಂದಿನದು ಆ ಅರ್ಜಿಯ ಕತೆ. ಅರ್ಧ ದಾಟಿದ ಮೇಲೆ ಸಿನಿಮಾ ಇದ್ದಕ್ಕಿದ್ದಂತೆ ದಿಕ್ಕು ಬದಲಿಸುತ್ತದೆ. ಸಹೋದ್ಯೋಗಿಗಳು ಒಂದು ಕಡೆ ಕೂತು ಕುಡಿಯುತ್ತಾ ಆ ಕೆಲಸ ನಿಜವಾಗಿ ಯಾರಿಂದ ಆಯಿತು ಅಂತ ಮಾತಾಡುತ್ತಾ ಹೋಗುತ್ತಾರೆ. ಅಲ್ಲಿ ಗಡಿಬಿಡಿ ಮಾಡಬೇಡಿ. ಎರಡು ಗಂಟೆ 20 ನಿಮಿಷದ ಸಿನಿಮಾ, ಬೇಕಿದ್ದರೆ ಎರಡು ದಿನ ನೋಡಿ, ಆ ತಿರುವಿನಲ್ಲೇ ನಿಲ್ಲಿಸಿದರೆ ಸರಿಯಾಗುತ್ತದೆ. ವತನಾಬೆ ಆಗಿ ನಟಿಸಿದ ತಕಾಶಿ ಶಿಮುರಾ ಅವರ ಕಣ್ಣು ನೋಡಿ. ಇದನ್ನೇ 2022ರಲ್ಲಿ ಬ್ರಿಟನ್ನಿನವರು 'ಲಿವಿಂಗ್' ಅಂತ ಮತ್ತೆ ಮಾಡಿದರು, ಅದೂ ಚೆನ್ನಾಗಿದೆ, ಇಂಗ್ಲಿಷ್ ಮಾತಿನಲ್ಲೇ ಇದೆ. ಆದರೆ ಮೊದಲು ಕುರೋಸಾವಾ ನೋಡಿ.

ಪ್ರಶ್ನೆ: ಇವೆಲ್ಲ ಎಲ್ಲಿ ಸಿಗುತ್ತವೆ? ಕದ್ದ ಕಾಪಿ ನೋಡಲು ಇಷ್ಟವಿಲ್ಲ. ಐದಾರು ಕಡೆ ಚಂದಾ ಕಟ್ಟಲೂ ಆಗುವುದಿಲ್ಲ. (ಧಾರವಾಡ, ವಿದ್ಯಾರ್ಥಿ)

ಉತ್ತರ: ಕದ್ದದ್ದು ಬೇಡ ಅಂದಿರಲ್ಲ, ಅದಕ್ಕೆ ಧನ್ಯವಾದ. ಸ್ವತಂತ್ರವಾಗಿ ಸಿನಿಮಾ ಮಾಡುವವರಿಗೆ ಪ್ರತಿ ರೂಪಾಯಿಯೂ ಲೆಕ್ಕಕ್ಕೆ ಬರುತ್ತದೆ. ಯಾವ ಸಿನಿಮಾ ಭಾರತದಲ್ಲಿ ಯಾವ ಆ್ಯಪ್‌ನಲ್ಲಿದೆ ಅಂತ ತಿಳಿಯಲು ಜಸ್ಟ್‌ವಾಚ್ ಅನ್ನುವ ಸೈಟ್ ನೋಡಿ. ಹಕ್ಕಿನ ಅವಧಿ ಮುಗಿದ ಹಾಗೆ ಸಿನಿಮಾಗಳು ಜಾಗ ಬದಲಿಸುತ್ತಿರುತ್ತವೆ, ಹಾಗಾಗಿ ನೋಡುವ ದಿನವೇ ಹುಡುಕಿ. ಇಂಥ ಸಿನಿಮಾಗಳಿಗೆಂದೇ ಇರುವುದು ಮುಬಿ ಅನ್ನುವ ಚಂದಾ ಆ್ಯಪ್. ವರ್ಷಪೂರ್ತಿ ಕಟ್ಟಬೇಕಿಲ್ಲ. ಪರೀಕ್ಷೆ ಮುಗಿದ ತಿಂಗಳು ಮಾತ್ರ ಕಟ್ಟಿ ನೋಡಬೇಕಾದ್ದನ್ನೆಲ್ಲ ನೋಡಿ ಬಿಡಿ. ದುಡ್ಡೇ ಬೇಡದ್ದೂ ಇದೆ. ಕೊರಿಯಾದ ಫಿಲ್ಮ್ ಆರ್ಕೈವ್ ತನ್ನ ದೇಶದ ಹಳೆಯ ಸಿನಿಮಾಗಳನ್ನು ಇಂಗ್ಲಿಷ್ ಸಬ್‌ಟೈಟಲ್ ಜೊತೆ ಯೂಟ್ಯೂಬ್‌ನಲ್ಲಿ ಇಟ್ಟಿದೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ಸೈಟಿನಲ್ಲಿ ಸಾಕ್ಷ್ಯಚಿತ್ರ, ಕಿರುಚಿತ್ರ ರಾಶಿ ಇವೆ. ಅಲ್ಲಿ ನಾರ್ಮನ್ ಮೆಕ್‌ಲಾರನ್ ಅವರ 'ನೇಬರ್ಸ್' ಹುಡುಕಿ, 1952ರದು, ಎಂಟೇ ನಿಮಿಷ. ಒಂದು ಹೂವಿಗಾಗಿ ಅಕ್ಕಪಕ್ಕದ ಮನೆಯವರು ಹೊಡೆದಾಡುವ ಕತೆ. ಬೇಲಿ ಜಗಳ ನೋಡಿದವರಿಗೆಲ್ಲ ತಕ್ಷಣ ಅರ್ಥವಾಗುತ್ತದೆ.

ಪ್ರಶ್ನೆ: ನಾವಿಬ್ಬರೂ ಮಂಡ್ಯ ಕಡೆಯವರು, 15 ವರ್ಷದಿಂದ ಅಮೆರಿಕದ ಟೆಕ್ಸಸ್‌ನಲ್ಲಿದ್ದೇವೆ. ಮಕ್ಕಳಿಗೆ 9 ಮತ್ತು 12. ಮಕ್ಕಳ ಜೊತೆ ನೋಡಲು ಒಂದು, ನಾವಿಬ್ಬರೇ ನೋಡಲು ಕನ್ನಡದ್ದೇ ಒಂದು, ಹೇಳುತ್ತೀರಾ?

ಉತ್ತರ: ಮಕ್ಕಳಿಗೆ ಮಜೀದ್ ಮಜೀದಿಯವರ 'ಚಿಲ್ಡ್ರನ್ ಆಫ್ ಹೆವನ್'. ಅಣ್ಣ ತಂಗಿಯ ಶೂ ಕಳೆದುಬಿಡುತ್ತಾನೆ. ಅಪ್ಪನ ಹತ್ತಿರ ದುಡ್ಡಿಲ್ಲ ಅಂತ ಇಬ್ಬರಿಗೂ ಗೊತ್ತು. ಬೆಳಿಗ್ಗೆ ಶಾಲೆಗೆ ಅವಳು, ಮಧ್ಯಾಹ್ನ ಅವನು, ಒಂದೇ ಜೊತೆ ಶೂ ಬದಲಾಯಿಸಿಕೊಂಡು ಹೋಗುತ್ತಾರೆ. ನಿಮ್ಮ ಮಕ್ಕಳ ಶೂ ಸ್ಟ್ಯಾಂಡ್‌ನಲ್ಲಿ ಎಷ್ಟು ಜೊತೆ ಇದೆ ಅಂತ ನೀವು ಹೇಳಬೇಕಾಗಿಲ್ಲ, ಅವರೇ ನೋಡುತ್ತಾರೆ. 9 ವರ್ಷದ ಮಗುವಿಗೆ ಸಬ್‌ಟೈಟಲ್ ವೇಗ ಜಾಸ್ತಿ ಅನ್ನಿಸಿದರೆ ದೊಡ್ಡವನೋ ದೊಡ್ಡವಳೋ ಜೋರಾಗಿ ಓದಿ ಹೇಳಲಿ.

ನಿಮ್ಮಿಬ್ಬರಿಗೆ 'ತಿಥಿ'. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಕತೆ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಆ ಕಡೆಯ ಜನರನ್ನೇ ಇಟ್ಟುಕೊಂಡು ತೆಗೆದದ್ದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾರೆ, ಹನ್ನೊಂದನೇ ದಿನದ ತಿಥಿಯೊಳಗೆ ಮಗ ಗಡ್ಡಪ್ಪ, ಮೊಮ್ಮಗ, ಮರಿಮಗ ಮೂವರೂ ಮೂರು ದಾರಿ ಹಿಡಿಯುತ್ತಾರೆ. ಬೈಗುಳ ಧಾರಾಳವಾಗಿವೆ, ಮಕ್ಕಳು ಮಲಗಿದ ಮೇಲೆ ಹಾಕಿ. ಇಷ್ಟು ಹೊತ್ತು ಎಲ್ಲರಿಗೂ ಸಬ್‌ಟೈಟಲ್ ಬಗ್ಗೆಯೇ ಹೇಳಿದೆ. ನೀವು ಮಾತ್ರ ಅದನ್ನು ಆಫ್ ಮಾಡಿಬಿಡಿ. ಗಡ್ಡಪ್ಪ 'ಏನೀಗ' ಅನ್ನುವುದನ್ನು ಮಂಡ್ಯದವರ ಕಿವಿಯಲ್ಲೇ ಕೇಳಬೇಕು.