ಹ್ಯೂಮನ್ ಫ್ಯಾಕ್ಟರ್ಸ್ ಪರಿಣತಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ಕಾರ್ಖಾನೆಗೆ ಹ್ಯೂಮನ್ ಫ್ಯಾಕ್ಟರ್ಸ್ (ಕೆಲಸ, ಯಂತ್ರ, ಜಾಗಗಳನ್ನು ಮನುಷ್ಯರಿಗೆ ಹೊಂದುವಂತೆ ರೂಪಿಸುವ ಶಾಸ್ತ್ರ) ತಜ್ಞರೊಬ್ಬರು ಬೇಕಾಗಿದ್ದಾರೆ. ಅರ್ಜಿಗಳ ಜೊತೆ ತರಬೇತಿ ಪ್ರಮಾಣಪತ್ರಗಳು ರಾಶಿ ಬಂದಿವೆ. ಸಂದರ್ಶನದಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ನಿಜಕ್ಕೂ ಕೆಲಸ ಬಲ್ಲವರು ಯಾರೆಂದು ತಿಳಿಯುವುದು ಹೇಗೆ?

ಉತ್ತರ: ಮಾತು ಸಾಕು, ಕೆಲಸ ಮಾಡಿಸಿ ನೋಡಿ. ವೈದ್ಯಕೀಯ ಶಿಕ್ಷಣಕ್ಕೆಂದು ಜಾರ್ಜ್ ಮಿಲ್ಲರ್ 1990ರಲ್ಲಿ ಹೇಳಿದ ನಾಲ್ಕು ಮೆಟ್ಟಿಲು ಇಲ್ಲಿಗೂ ಸರಿಹೊಂದುತ್ತವೆ: ವಿಷಯ ಗೊತ್ತು, ಬಳಸುವುದು ಹೇಗೆಂದು ಗೊತ್ತು, ಮಾಡಿ ತೋರಿಸಬಲ್ಲರು, ದಿನನಿತ್ಯ ಹಾಗೆಯೇ ಮಾಡುತ್ತಾರೆ. ಪ್ರಮಾಣಪತ್ರ ಹೆಚ್ಚೆಂದರೆ ಮೊದಲೆರಡಕ್ಕೆ ಸಾಕ್ಷಿ.

ಒಂದು ಸುಲಭ ಪರೀಕ್ಷೆ ಹೀಗಿದೆ. 15 ಕಿಲೋ ತೂಕದ ಪೆಟ್ಟಿಗೆ, ಅಳತೆ ಟೇಪು, ಎತ್ತಲು ಒಬ್ಬ ಕೆಲಸಗಾರ. ಕೆಲಸಗಾರರ ಸುರಕ್ಷತೆ, ಆರೋಗ್ಯಗಳ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯಾಷ್ (NIOSH) ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಎತ್ತುವಿಕೆ ಸೂತ್ರದಿಂದ ಈ ಕೆಲಸವನ್ನು ಅಳೆಯಲು ಹೇಳಿ. ಸೂತ್ರ ಶುರುವಾಗುವುದು 23 ಕಿಲೋದಿಂದ. ಪರಿಸ್ಥಿತಿ ಕೆಟ್ಟಷ್ಟೂ ಅದನ್ನು ಒಂದೊಂದು ಗುಣಕ ಇಳಿಸುತ್ತದೆ. ಹೊರೆ ದೇಹದಿಂದ ಎಷ್ಟು ದೂರವಿದೆ ಎಂಬುದರ ಗುಣಕ, 25ನ್ನು ಆ ದೂರದಿಂದ (ಸೆಂಟಿಮೀಟರಿನಲ್ಲಿ) ಭಾಗಿಸಿದಷ್ಟು. ಅಭ್ಯರ್ಥಿ ಟೇಪಿನ ತುದಿಯನ್ನು ಎಲ್ಲಿ ಇಡುತ್ತಾರೆ ನೋಡಿ. ಇಡಬೇಕಾದದ್ದು ಎರಡು ಕಣಕಾಲುಗಳ ನಡುವಿನ ಬಿಂದುವಿನಲ್ಲಿ. ಬಹಳ ಜನ ಹೊಟ್ಟೆಯ ಮುಂಭಾಗದಿಂದ ಅಳೆಯುತ್ತಾರೆ. ಸರಿಯಾದ ಅಳತೆ 50 ಇದ್ದಲ್ಲಿ ಅವರಿಗೆ 35 ಬಂತೆನ್ನಿ. ಉಳಿದ ಗುಣಕಗಳೆಲ್ಲ 1 ಎಂದಿಟ್ಟುಕೊಂಡರೆ, ತಪ್ಪು ಅಳತೆಯಲ್ಲಿ ಮಿತಿ 16.4 ಕಿಲೋ, 15 ಕಿಲೋ ಪೆಟ್ಟಿಗೆ ಪಾಸು. ಸರಿಯಾದ ಅಳತೆಯಲ್ಲಿ ಮಿತಿ 11.5 ಕಿಲೋ, ಹೊರೆ ಮಿತಿಯ 1.3 ಪಟ್ಟು. ಟೇಪು 15 ಸೆಂಟಿಮೀಟರ್ ಸರಿದದ್ದಕ್ಕೆ ಒಬ್ಬರ ಬೆನ್ನು ನೋಯುವ ಕೆಲಸ ಕಾಗದದ ಮೇಲೆ ಸುರಕ್ಷಿತವಾಗಿಬಿಡುತ್ತದೆ.

ಆಮೇಲೆ ಪೆಟ್ಟಿಗೆ ತೆಗೆದು ಅರ್ಧ ನೀರು ತುಂಬಿದ ಬಕೆಟ್ ಇಟ್ಟು, ಒಂದೇ ಕೈಯಲ್ಲಿ ಎತ್ತಿಸಿ, ಇದನ್ನೂ ಲೆಕ್ಕ ಹಾಕಿ ಎನ್ನಿ. ಸರಿ ಉತ್ತರ: "ಈ ಸೂತ್ರ ಇಲ್ಲಿ ನಡೆಯುವುದಿಲ್ಲ." ಒಂದು ಕೈಯ ಎತ್ತುವಿಕೆಗೆ, ತುಳುಕುವ ಹೊರೆಗೆ, ಕುಳಿತು ಅಥವಾ ಮಂಡಿಯೂರಿ ಎತ್ತುವುದಕ್ಕೆ ಅದನ್ನು ರೂಪಿಸಿಲ್ಲ. ಮರುಮಾತಿಲ್ಲದೆ ಅಂಕಿ ತುಂಬಲು ಕೂತವರನ್ನು ಒಬ್ಬರೇ ಕೆಲಸಕ್ಕೆ ಬಿಡಬೇಡಿ. ವಿಧಾನದ ಎಲ್ಲೆ ಗೊತ್ತಿರುವುದೇ ಈ ವೃತ್ತಿಯಲ್ಲಿ ಪರಿಣತಿಯ ಮೊದಲ ಗುರುತು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೊನೆಗೆ, ಹೆಸರುಗಳನ್ನು ಅಳಿಸಿದ ಒಂದು ಹಳೆಯ ವರದಿಯನ್ನು ತರಿಸಿಕೊಂಡು ಓದಿ. ಈ ವಿಧಾನವನ್ನೇ ಏಕೆ ಆರಿಸಿದಿರಿ? ಏನನ್ನು ಬಿಟ್ಟಿರಿ? ರಾತ್ರಿ ಪಾಳಿ ನೋಡಿದಿರಾ? ಯಾವ ಶಿಫಾರಸು ತಿರಸ್ಕೃತವಾಯಿತು, ಆಮೇಲೆ ಏನು ಮಾಡಿದಿರಿ? ಶಿಫಾರಸುಗಳೆಲ್ಲ "ತರಬೇತಿ ಕೊಡಿ", "ಎಚ್ಚರಿಕೆ ಫಲಕ ಹಾಕಿ" ಎಂದೇ ಇದ್ದರೆ, ವಿನ್ಯಾಸ ಬದಲಿಸುವ ದಾರಿ ಹುಡುಕಿದ್ದೀರಾ ಎಂದು ಬಿಡದೆ ಕೇಳಿ.

ಪ್ರಶ್ನೆ: ನಾನು ಪ್ರೊಸೆಸ್ ಎಂಜಿನಿಯರ್. ಎರಡು ದಿನದ ಹ್ಯೂಮನ್ ಫ್ಯಾಕ್ಟರ್ಸ್ ತರಬೇತಿ ಮುಗಿಸಿದ್ದೇನೆ. ಸುರಕ್ಷತಾ ವರದಿಯ ಮಾನವ ದೋಷ ವಿಶ್ಲೇಷಣೆಗೆ ನಾನೇ ಸಹಿ ಹಾಕಬೇಕೆಂದು ಮೇಲಧಿಕಾರಿ ಹೇಳುತ್ತಿದ್ದಾರೆ. ಹಾಕಬಹುದೇ?

ಉತ್ತರ: ಒಬ್ಬರೇ ಹಾಕಬೇಡಿ. ಎರಡು ದಿನದ ತರಬೇತಿ ಸಮಸ್ಯೆಯನ್ನು ಗುರುತಿಸಿ ತಜ್ಞರನ್ನು ಕರೆಯುವಷ್ಟು ಅರಿವು ಕೊಡುತ್ತದೆ. ವಿಶ್ಲೇಷಣೆಯ ಹೊಣೆ ಹೊರುವಷ್ಟು ಅಲ್ಲ. ಅಮೆರಿಕದ ವೃತ್ತಿಪರ ಎರ್ಗಾನಾಮಿಕ್ಸ್ (ಹ್ಯೂಮನ್ ಫ್ಯಾಕ್ಟರ್ಸ್‌ನ ಇನ್ನೊಂದು ಹೆಸರು) ಪ್ರಮಾಣೀಕರಣ ಮಂಡಳಿಯಾಗಲಿ, 2014ರಲ್ಲಿ ರಾಯಲ್ ಚಾರ್ಟರ್ (ರಾಜಮನ್ನಣೆಯ ಸನ್ನದು) ಪಡೆದ ಬ್ರಿಟನ್ನಿನ ವೃತ್ತಿ ಸಂಸ್ಥೆಯಾಗಲಿ, ಓದಿನ ಜೊತೆಗೆ ವೃತ್ತಿ ಅನುಭವವನ್ನೂ ಕೇಳುವುದು ಇದಕ್ಕೇ.

ಆದರೆ ಈ ವರದಿಯನ್ನೇ ನಿಮ್ಮ ಕಲಿಕೆಯ ಮೊದಲ ಪಾಠ ಮಾಡಿಕೊಳ್ಳಿ. ಅನುಭವಿಯೊಬ್ಬರ ಕೈಕೆಳಗೆ ಒಂದೇ ಒಂದು ಕೆಲಸವನ್ನು, ಪಂಪು ಬದಲಾಯಿಸುವುದು ಎನ್ನಿ, ಶ್ರೇಣೀಕೃತ ಕಾರ್ಯ ವಿಶ್ಲೇಷಣೆಯಲ್ಲಿ ಬಿಡಿಸಿ. ಅಂದರೆ ಕೆಲಸದ ಗುರಿ, ಅದರ ಉಪಗುರಿಗಳು, ಅವುಗಳ ಕ್ರಮ ಹೇಳುವ ಯೋಜನೆ ಎಂದು ಹಂತ ಹಂತವಾಗಿ ಬರೆಯಿರಿ. ಎಲ್ಲಿಯವರೆಗೆ ಬಿಡಿಸುತ್ತಾ ಹೋಗಬೇಕು? ಈ ವಿಧಾನವನ್ನು ರೂಪಿಸಿದ ಆನೆಟ್ ಮತ್ತು ಡಂಕನ್ 1967ರಲ್ಲಿ ಕೊಟ್ಟ ನಿಯಮ ಇಂದಿಗೂ ಕೆಲಸಕ್ಕೆ ಬರುತ್ತದೆ: ತಪ್ಪುವ ಸಂಭವವನ್ನು ತಪ್ಪಿದರೆ ಆಗುವ ನಷ್ಟದಿಂದ ಗುಣಿಸಿ, ಬಂದದ್ದು ಒಪ್ಪುವಂತಿದ್ದರೆ ಅಲ್ಲಿಗೆ ನಿಲ್ಲಿಸಿ.

ಹೊಸಬರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಕಾರ್ಯವಿಧಾನದ ಪುಸ್ತಕ ನೋಡಿಕೊಂಡು ಮೇಜಿನ ಮೇಲೇ ಕೋಷ್ಟಕ ತುಂಬುತ್ತಾರೆ. ಪುಸ್ತಕದಲ್ಲಿ "ವಾಲ್ವ್ ಮುಚ್ಚಿ, ಒತ್ತಡ ಪರೀಕ್ಷಿಸಿ" ಎಂದಿರುತ್ತದೆ. ಜಾಗಕ್ಕೆ ಹೋಗಿ ನಿಂತರೆ ಕಾಣುವುದೇ ಬೇರೆ: ವಾಲ್ವಿನ ಚಕ್ರ ಹಿಡಿದವರಿಗೆ ಒತ್ತಡದ ಗೇಜು ಕಾಣುವುದಿಲ್ಲ, ಅದು ಬೆನ್ನ ಹಿಂದಿದೆ. ಹಾಗಾಗಿ ಆಪರೇಟರ್ ಪಂಪಿನ ಸದ್ದು ಇಳಿಯುವುದನ್ನು ಕಿವಿಯಿಂದಲೇ ಅಂದಾಜು ಮಾಡುತ್ತಾರೆ. ಪಕ್ಕದ ಪಂಪು ಓಡುತ್ತಿದ್ದರೆ ಆ ಅಂದಾಜು ಕೈಕೊಡುತ್ತದೆ. ಮೇಜಿನ ಕೋಷ್ಟಕದಲ್ಲಿ ಇದು "ಆಪರೇಟರ್ ಗಮನ ಕೊಡಲಿಲ್ಲ" ಎಂದಾಗುತ್ತಿತ್ತು; ಈಗ "ಗೇಜನ್ನು ವಾಲ್ವಿನ ಎದುರಿಗೆ ತನ್ನಿ" ಎಂದಾಗುತ್ತದೆ. ರಾತ್ರಿ ಪಾಳಿಯೂ ಸೇರಿ ಕನಿಷ್ಠ ಮೂರು ಬಾರಿ, ಬೇರೆ ಬೇರೆ ಆಪರೇಟರುಗಳು ಮಾಡುವುದನ್ನು ನೋಡಿ. ಬಿಡಿಸಿದ್ದನ್ನು ಅವರಿಗೇ ತೋರಿಸಿ ತಿದ್ದಿಸಿಕೊಳ್ಳಿ. ಮೊದಲ ವಿಶ್ಲೇಷಣೆಯಲ್ಲಿ ಹಿರಿಯರು ಮಾಡಲಿ, ನೀವು ನೋಡಿ. ಎರಡನೆಯದರಲ್ಲಿ ನೀವು ಮಾಡಿ, ಅವರು ಪಕ್ಕದಲ್ಲಿರಲಿ. ಮೂರನೆಯದರಲ್ಲಿ ಅವರು ವರದಿಯನ್ನಷ್ಟೇ ಪರಿಶೀಲಿಸಲಿ.

ಪ್ರಶ್ನೆ: ತಂಡದ ಅಭ್ಯಾಸದ ವಿಡಿಯೋ ನೋಡಿ ಅಂಕ ಕೊಡಲು ನಮ್ಮಲ್ಲಿ ಇಬ್ಬರು ಪರೀಕ್ಷಕರಿದ್ದಾರೆ. 40 ತುಣುಕುಗಳಲ್ಲಿ 34ಕ್ಕೆ, ತಪ್ಪಿದೆಯೇ ಇಲ್ಲವೇ ಎಂಬ ಇಬ್ಬರ ತೀರ್ಮಾನವೂ ಒಂದೇ. ಶೇ. 85 ಒಮ್ಮತ ಸಾಲದೇ?

ಉತ್ತರ: ಸಾಲದು. ಇಬ್ಬರೂ "ತಪ್ಪಿದೆ" ಎಂದದ್ದು 4, ಇಬ್ಬರೂ "ತಪ್ಪಿಲ್ಲ" ಎಂದದ್ದು 30, ಉಳಿದ 6ರಲ್ಲಿ ಮೂರಕ್ಕೆ ಒಬ್ಬರು, ಮೂರಕ್ಕೆ ಇನ್ನೊಬ್ಬರು ಮಾತ್ರ "ತಪ್ಪಿದೆ" ಎಂದರು ಎಂದುಕೊಳ್ಳಿ. ತಪ್ಪು ಅಪರೂಪವಾದ್ದರಿಂದ, ಇಬ್ಬರೂ ಇಷ್ಟೇ ಸಂಖ್ಯೆಯ ಗುರುತುಗಳನ್ನು ಕಣ್ಣುಮುಚ್ಚಿ ಹಾಕಿದರೂ ಸುಮಾರು ಶೇ. 71 ಒಮ್ಮತ ತಾನಾಗಿ ಬರುತ್ತದೆ. ಅದನ್ನು ಕಳೆದು ಲೆಕ್ಕ ಹಾಕುವ ಕೊಹೆನ್ ಕಪ್ಪಾ ಎಂಬ ಅಳತೆ (ಪೂರ್ಣ ಒಮ್ಮತಕ್ಕೆ 1, ಬರೀ ಆಕಸ್ಮಿಕ ಒಮ್ಮತಕ್ಕೆ 0) ಇಲ್ಲಿ ಕೇವಲ 0.48. ತಪ್ಪಿನ ತುಣುಕುಗಳನ್ನೇ ನೋಡಿ: ಯಾರಾದರೊಬ್ಬರು ಗುರುತಿಸಿದ 10ರಲ್ಲಿ ಇಬ್ಬರಿಗೂ ಕಂಡದ್ದು ನಾಲ್ಕೇ. ಇದರ ಮೇಲೆ ಯಾರನ್ನೂ ಪಾಸು ಫೇಲು ಮಾಡುವುದು ನ್ಯಾಯವಲ್ಲ.

ಅಂಕಪಟ್ಟಿಯ ಮಾತುಗಳನ್ನು ತಿದ್ದಿ. "ಸಂವಹನ ಉತ್ತಮ" ಎಂಬುದು ಕಣ್ಣಿಗೆ ಕಾಣುವುದಿಲ್ಲ. "ಕೇಳಿದ ಅಂಕಿಯನ್ನು ಗಟ್ಟಿಯಾಗಿ ಮರಳಿ ಹೇಳಿದರು" ಎಂಬುದು ಕಾಣುತ್ತದೆ. ಹೊಸ ತುಣುಕುಗಳಿಗೆ ಇಬ್ಬರೂ ಬೇರೆಬೇರೆ ಕೂತು ಮೊದಲು ಅಂಕ ಬರೆಯಲಿ, ಆಮೇಲೆ ಚರ್ಚಿಸಲಿ. ಚರ್ಚೆ ಮೊದಲಾದರೆ ಹಿರಿಯರ ಅಂಕವೇ ಇಬ್ಬರದೂ ಆಗುತ್ತದೆ.

ಪ್ರಶ್ನೆ: ವರ್ಷಕ್ಕೊಮ್ಮೆ ನೌಕರರೇ ತಮಗೆ 1ರಿಂದ 5ರವರೆಗೆ ಅಂಕ ಕೊಟ್ಟುಕೊಂಡರೆ ಸಾಕೇ?

ಉತ್ತರ: ಅಂಕವೊಂದೇ ಆದರೆ ಪ್ರಯೋಜನವಿಲ್ಲ, ಹೆಚ್ಚು ತಿಳಿದವರೇ ತಮಗೆ ಕಡಿಮೆ ಕೊಟ್ಟುಕೊಳ್ಳುವುದುಂಟು. ಪ್ರತಿ ಅಂಕದ ಎದುರು ಒಂದು ಪುರಾವೆ ಬರೆಸಿ: ಯಾವ ಕೆಲಸ, ಯಾವ ವಿಧಾನ, ಪರಿಶೀಲಿಸಿದವರು ಯಾರು, ಏನು ತಿದ್ದಿದರು. ಪುರಾವೆ ಇಲ್ಲದ ಕಡೆ ಅಂಕವನ್ನು ಖಾಲಿ ಬಿಡಿಸಿ, ಮುಂದಿನ ಆರು ತಿಂಗಳ ಕೆಲಸ ಹಂಚುವಾಗ ಆ ಖಾಲಿ ಜಾಗಗಳನ್ನು ಎದುರಿಗಿಟ್ಟುಕೊಳ್ಳಿ.