ಕೆರೆಗೆ ಹೋಗೋದು ಬಿಟ್ಟ ಹುಡುಗಿ

ಏಪ್ರಿಲ್ ಬಂತೆಂದರೆ ಕೊನೆಯ ಸೆಮಿಸ್ಟರಿನ ಮಕ್ಕಳು ಕೌನ್ಸೆಲಿಂಗಿಗೆ ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಕೆಲಸ ಸಿಗುತ್ತೋ ಇಲ್ಲವೋ ಅಂತ ಶುರು ಮಾಡುತ್ತಾರೆ, ಹತ್ತು ನಿಮಿಷದಲ್ಲಿ ಮಾತು ಹಾಸ್ಟೆಲ್ ಟೆರೇಸಿಗೋ ಕ್ಯಾಂಟೀನ್ ಹಿಂದಿನ ಕಟ್ಟೆಗೋ ಬಂದು ನಿಲ್ಲುತ್ತದೆ. ಇವಳದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆ. (ಕೆರೆಯೊಂದನ್ನು ಬಿಟ್ಟು ಉಳಿದ ವಿವರ ಬದಲಾಯಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.)

ಎಂಎಸ್ಸಿ ಹುಡುಗಿ, ಊರು ದೂರ. ಎರಡು ವರ್ಷ ದಿನಾ ಸಂಜೆ ಏರಿ ಮೇಲೆ ನಡೆದವಳು ಮೂರು ವಾರದಿಂದ ಆ ಕಡೆ ಕಾಲಿಟ್ಟಿರಲಿಲ್ಲ. ನಿದ್ದೆ, ಊಟ ಹೇಗಿದೆ, ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗೇ ಕೇಳಿದೆ, ಎಲ್ಲರನ್ನೂ ಕೇಳುತ್ತೇನೆ. ಅವಳಿಗೆ ಹಾಗೇನಿರಲಿಲ್ಲ. ನಿಮಗೆ ಹಾಗನ್ನಿಸುತ್ತಿದ್ದರೆ ಈ ಕಥೆ ಆಮೇಲೆ ಓದಿ, ಮೊದಲು 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಅದು, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಸಲ ಬಂದಾಗ ಫೋನ್ ತೆಗೆದು ತೋರಿಸಿದಳು. 'ಇನ್ನು 41' ಅಂತ ಬರೆದಿತ್ತು.

"ಇಷ್ಟೇ ಸಂಜೆ ಉಳಿದಿರೋದು ಮೇಡಂ. ಹೋದ್ರೆ ಒಂದು ಕಮ್ಮಿ ಆಗುತ್ತೆ. ಹೆಜ್ಜಾರ್ಲೆ ಹಕ್ಕಿ ಹಾರಿದ್ರೂ ಅಳು ಬರುತ್ತೆ."

1864ರಲ್ಲಿ ಕಟ್ಟಿಸಿದ ಕೆರೆ, ನೀನು ಹೋದ ಮೇಲೂ ಅಲ್ಲೇ ಇರುತ್ತೆ ಕಣಮ್ಮ ಅನ್ನೋ ಮಾತು ಬಾಯಿಗೆ ಬಂತು. ನುಂಗಿಕೊಂಡೆ. ಅವಳ ಸಂಕಟವೇ ಅದಲ್ವಾ, ಕೆರೆ ಇರುತ್ತೆ, ತಾನಿರಲ್ಲ. ಸುಮ್ನೆ, "ಮೊದಲನೇ ಸಲ ಹೋಗಿದ್ದು ಯಾವಾಗ?" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಹಾಸ್ಟೆಲ್ ಸೇರಿದ ಎರಡನೇ ದಿನವಂತೆ, ದಾರಿ ತಪ್ಪಿ ಅಲ್ಲಿಗೆ ಹೋಗಿ, ಕಲ್ಲಿನ ಮೇಲೆ ಕೂತು, ಹಸಿವಿದ್ದರೂ ಅಮ್ಮನಿಗೆ ಫೋನ್ ಮಾಡಿ "ಊಟ ಆಯ್ತು" ಅಂತ ಸುಳ್ಳು ಹೇಳಿದ್ದಳಂತೆ. ಹೇಳುತ್ತಾ ಹೇಳುತ್ತಾ ತಾನೇ ನಿಲ್ಲಿಸಿದಳು.

"ಅವತ್ತೂ ಭಯಾನೇ ಇತ್ತು ಮೇಡಂ."

ನಾನು ಹೇಳಿದ್ದು ಇಷ್ಟು. ಆ ಲೆಕ್ಕ ಅಳಿಸು, ಫೋನ್ ರೂಮಲ್ಲಿಟ್ಟು ನಾಳೆಯಿಂದ ಹೋಗು, ಅಳು ಬಂದರೆ ಅಳು. ಒಂದು ದಿನ ಜೂನಿಯರ್ ಯಾರನ್ನಾದರೂ ಕರ್ಕೊಂಡು ಹೋಗು. ಮುಂದೆ ಯಾವ ಊರಿಗೆ ಹೋದರೂ ಅದೇ ಹೊತ್ತಿಗೆ ಅರ್ಧ ಗಂಟೆ ನಡಿ, ಆ ಜಾಗ ಇಷ್ಟವಾಗಲೇಬೇಕು ಅಂತೇನಿಲ್ಲ.

ನನ್ನ ಸಹೋದ್ಯೋಗಿಗೆ ಇದು ಹಿಡಿಸಲಿಲ್ಲ. "ಕೆಲಸ ಹುಡುಕೋ ಹುಡುಗಿಗೆ ಕೆರೆ ಸುತ್ತೋಕೆ ಹೇಳ್ತೀರಲ್ಲ" ಅಂದರು. ಹೇಳುತ್ತೇನೆ, ಇನ್ನೂ ಹತ್ತು ಜನ ಬಂದರೂ ಹೇಳುತ್ತೇನೆ. ಜಾಗ ಬಿಟ್ಟು ಹೋಗುವ ದುಃಖವನ್ನು ಸೋಮಾರಿತನ ಅಂದುಕೊಂಡು ಬೈದಿದ್ದು ಸಾಕು, ನಾನೂ ಮೊದಲು ಬೈದವಳೇ. ಅತ್ತು ಮುಗಿಸದ ಮಕ್ಕಳು ಅರ್ಜಿ ಫಾರಂ ಎದುರಿಗಿಟ್ಟುಕೊಂಡು ಗಂಟೆಗಟ್ಟಲೆ ಕೂತಿರುತ್ತಾರೆ, ಒಂದು ಸಾಲೂ ತುಂಬಿರುವುದಿಲ್ಲ.

ಮುಂದಿನ ವಾರ ನಗುತ್ತಾ ಬಂದಳು. ರೂಮಿನ ಜೂನಿಯರನ್ನು ಕರ್ಕೊಂಡು ಹೋಗಿ ತನ್ನ ಕಲ್ಲು ತೋರಿಸಿದಳಂತೆ. ಆ ಹುಡುಗಿ ಎರಡು ನಿಮಿಷ ಕೂತು, "ಸೊಳ್ಳೆ ಜಾಸ್ತಿ ಅಕ್ಕ, ಹೋಗೋಣ ಬನ್ನಿ" ಅಂದಳಂತೆ.