ಬಿಸಿಲಲ್ಲಿಟ್ಟ ಬಕೆಟ್ ಬಿಸ್ಕತ್ತಿನ ಥರ ಮುರಿಯೋದು ಯಾಕೆ?

ಪ್ರಶ್ನೆ: ಟೆರೇಸ್ ಮೇಲೆ ಗಿಡಕ್ಕೆ ನೀರು ಹಾಕೋಕೆ ಇಟ್ಟಿದ್ದ ಬಕೆಟ್ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಿಸ್ಕತ್ತಿನ ಥರ ಮುರಿಯುತ್ತಿದೆ. ಅದೇ ದಿನ ತಂದ ಇನ್ನೊಂದು ಬಚ್ಚಲುಮನೆಯಲ್ಲಿ ಗಟ್ಟಿಯಾಗಿಯೇ ಇದೆ. ಬಿಸಿಲಿಗೆ ಪ್ಲಾಸ್ಟಿಕ್ ಏನಾಗುತ್ತೆ ಸಾರ್? ಹಳೇದನ್ನ ಕರಗಿಸಿದರೆ ಸರಿಹೋಗುತ್ತಾ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ತೂಕ ಹಾಕಿ ನೋಡಿ, ಬಕೆಟ್ ಹೆಚ್ಚುಕಮ್ಮಿ ಮೊದಲಿನಷ್ಟೇ ಇರುತ್ತೆ. ಹಾಳಾಗಿರೋದು ಒಳಗಿನ ಸಿಕ್ಕು.

ಪ್ಲಾಸ್ಟಿಕ್ ಅಂದರೆ ಉದ್ದುದ್ದ ಎಳೆಗಳಂಥ ಅಣುಗಳ ರಾಶಿ. ತಲೆಕೂದಲನ್ನೇ ನೆನೆಸಿಕೊಳ್ಳಿ. ಗಿಡ್ಡ ಕ್ರಾಪಿಗೆ ಸಿಕ್ಕು ಬೀಳಲ್ಲ, ಸೊಂಟದವರೆಗೆ ಇಳಿದ ಕೂದಲನ್ನ ಒಂದು ದಿನ ಬಾಚದೆ ಬಿಟ್ಟರೆ ಬಾಚಣಿಗೆ ಅರ್ಧದಲ್ಲೇ ನಿಂತುಬಿಡುತ್ತೆ, ಅಲ್ವಾ? ಮೇಣದಬತ್ತಿಗೂ ಹಾಲಿನ ಕವರಿಗೂ ಇರುವ ವ್ಯತ್ಯಾಸ ಬಹುಪಾಲು ಇಷ್ಟೇ. ಎರಡರಲ್ಲೂ ಇರೋದು ಕಾರ್ಬನ್, ಹೈಡ್ರೋಜನ್ ಸರಪಳಿ. ಮೇಣದಲ್ಲಿ ಒಂದು ಎಳೆಗೆ ಸುಮಾರು 20ರಿಂದ 40 ಕಾರ್ಬನ್, ಪಾಲಿಥಿನ್‌ನಲ್ಲಿ ಸಾವಿರಾರು.

ಹಾಲಿನ ಕವರನ್ನ ತೊಳೆದು, ಬೆರಳಗಲದ ಪಟ್ಟಿ ಕತ್ತರಿಸಿ ನಿಧಾನಕ್ಕೆ ಎಳೆಯಿರಿ. ತಕ್ಷಣ ಹರಿಯಲ್ಲ. ತೆಳ್ಳಗಾಗುತ್ತಾ ಉದ್ದಕ್ಕೆ ಬರುತ್ತಲೇ ಇರುತ್ತೆ, ಯಾಕಂದರೆ ಜಾರಲು ಹೊರಟ ಎಳೆಗಳನ್ನ ಸಿಕ್ಕು ಹಿಡಿದುಕೊಂಡಿರುತ್ತೆ. ಮೇಣದಬತ್ತಿ ಬಗ್ಗಿಸಿದರೆ ಪಟ್ಟನೆ ಎರಡು ತುಂಡು.

ಸಿಕ್ಕಿನೊಳಗಿನ ಎಳೆ ಪಕ್ಕಕ್ಕೆ ಸರಿಯೋ ಹಾಗಿಲ್ಲ. ಕಿರಿದಾದ ಬಿಲದಲ್ಲಿ ಹಾವು ಹರಿದ ಹಾಗೆ ತನ್ನ ಉದ್ದಕ್ಕೇ ತೆವಳಬೇಕು. 1971ರಲ್ಲಿ ಫ್ರಾನ್ಸಿನ ಪಿಯರ್ ಜಿಲ್ ದ ಜೆನ್ ಕೊಟ್ಟ ಈ ಚಿತ್ರ ನನಗೆ ಇವತ್ತಿಗೂ ಬಹಳ ಇಷ್ಟ. ಅವರಿಗೆ 1991ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಹೀಗೆ ತೆವಳಬೇಕಾದ್ದರಿಂದಲೇ, ಎಳೆಯ ಉದ್ದ ಎರಡರಷ್ಟಾದರೆ ಕರಗಿದ ಪ್ಲಾಸ್ಟಿಕ್ ಸುಮಾರು 10 ಪಟ್ಟು ಮಂದವಾಗುತ್ತೆ. ಪೀಣ್ಯದ ಮೋಲ್ಡಿಂಗ್ ಶೆಡ್‌ಗಳಲ್ಲಿ ಎಂಎಫ್‌ಐ, ಅಂದರೆ ಕರಗಿದ ಪ್ಲಾಸ್ಟಿಕ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋ ಅಳತೆ, ಎಷ್ಟು ಅಂತ ಕೇಳೋದು ಇದಕ್ಕೇ. ಸಲೀಸಾಗಿ ಹರಿಯೋ ಮಾಲು ಬೇಕು ಅಂದರೆ ಎಳೆ ಗಿಡ್ಡ, ಗಟ್ಟಿತನವೂ ಸ್ವಲ್ಪ ಕಮ್ಮಿ.

ಈಗ ನಿಮ್ಮ ಬಕೆಟ್. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ, ಗಾಳಿಯ ಆಕ್ಸಿಜನ್ ಎರಡೂ ಸೇರಿ ಎಳೆಗಳನ್ನ ಅಲ್ಲಲ್ಲಿ ಕತ್ತರಿಸುತ್ತವೆ. ಜಾಸ್ತಿ ಕತ್ತರಿಸಬೇಕಾಗಿಯೇ ಇಲ್ಲ, ನಡುವೆ ಒಂದೇ ಕಡೆ ತುಂಡಾದರೂ ಉದ್ದ ಅರ್ಧಕ್ಕೆ ಇಳೀತು. ಹೀಗೆ ಮೋಟಾದ ಎಳೆಗಳಿಗೆ ಸಿಕ್ಕು ನಿಲ್ಲಲ್ಲ, ಬಕೆಟ್ ಮೇಣದಬತ್ತಿಯ ಗುಣಕ್ಕೆ ಬರುತ್ತೆ. ಕರಗಿಸಿದರೆ ಆಕಾರ ಬರಬಹುದು, ಆದರೆ ತುಂಡಾದ ಎಳೆ ಮತ್ತೆ ಕೂಡಿಕೊಳ್ಳಲ್ಲ. ಕರಗಿಸುವ ಬಿಸಿಗೆ ಇನ್ನಷ್ಟು ತುಂಡಾಗೋದೂ ಉಂಟು.

ಟೆರೇಸಿಗೆ ಕಪ್ಪು ಬಣ್ಣದ್ದು ತಗೊಳ್ಳಿ. ಕಪ್ಪು ನೀರಿನ ಟ್ಯಾಂಕುಗಳಲ್ಲಿ ಬೆರೆಸಿರೋ ಕಾರ್ಬನ್ ಬ್ಲ್ಯಾಕ್ ಆ ಕಿರಣಗಳನ್ನ ತಾನೇ ಹೀರಿಕೊಂಡು ಎಳೆಗಳನ್ನ ಕಾಪಾಡುತ್ತೆ. ಮತ್ತೆ ಆ ಹಳೇ ಬಕೆಟ್ ಸವರಿದಾಗ ಕೈಗೆ ಬಿಳಿ ಪುಡಿ ಹತ್ತುತ್ತಿದ್ದರೆ, ದಯವಿಟ್ಟು ನೀರು ತುಂಬಿ ಮೆಟ್ಟಿಲು ಇಳಿಯಬೇಡಿ, ಹಿಡಿ ಇದ್ದಕ್ಕಿದ್ದ ಹಾಗೆ ಕಿತ್ತು ಬರುತ್ತೆ.